ಹಸೀನಾ ಬೇಗಮರ ಅಕೀಕು

ಹುಣಸೆಬೀಜದಷ್ಟು ಗಾತ್ರದ ಒಂದು ಕೆಂಪು ಕಲ್ಲಿನ ಕುಲಗೋತ್ರ ಸಂಜೆಯೊಳಗೆ ಇತ್ಯರ್ಥವಾಗದಿದ್ದರೆ ರಾಯಚೂರಿಗೂ ಮಾನವಿಗೂ ಇರುವ ಸಂಬಂಧ ಮೊದಲಿನಂತೆ ಉಳಿಯುವುದಿಲ್ಲವೆಂದು ಹಸೀನಾ ಬೇಗಂ ಭಾನುವಾರ ಬೆಳಿಗ್ಗೆ ಘೋಷಿಸಿದರು. ಚಹಾದಲ್ಲಿ ಬಿಸ್ಕೀಟು ಅದ್ದಿದ್ದ ಗಂಡ ಮಹಮ್ಮದ್ ಹುಸೇನರು ಅದನ್ನು ಮೇಲೆತ್ತುವುದನ್ನೇ ಮರೆತರು. ಅರ್ಧ ಬಿಸ್ಕೀಟು ಕಪ್ಪಿನ ತಳ ಸೇರಿತು.

ಇಪ್ಪತ್ತೆಂಟು ವರ್ಷದ ಹಿಂದೆ, ಮದುವೆಯಾದ ಹೊಸತರಲ್ಲಿ, ಹುಸೇನರು ಹೆಂಡತಿಗೆ ಕೊಟ್ಟ ಬೆಳ್ಳಿ ಉಂಗುರದ ಕಲ್ಲು ಅದು. ಯೆಮನ್ ದೇಶದ ಅಸಲಿ ಅಕೀಕು ಹರಳು, ಹಜ್‌ಗೆ ಹೋಗಿದ್ದ ತಮ್ಮ ಸೋದರಮಾವ ತಂದದ್ದು ಎಂದು ಹೇಳಿ ಕೊಟ್ಟಿದ್ದರು. ಆ ಮಾಮೂ ಕರ್ನೂಲಿನಿಂದ ಆಚೆ ಕಾಲಿಟ್ಟವರಲ್ಲ. ಕಲ್ಲು ಕೃಷ್ಣಾ ಹೊಳೆಯದು. ಆಗ ಹುಸೇನರು ಊರೂರು ಸಂತೆಗೆ ಬಳೆ ಹೊತ್ತು ಮಾರುತ್ತಿದ್ದರು. ದಂಡೆಯಲ್ಲಿ ಕಂಡದ್ದನ್ನು ಎತ್ತಿಕೊಂಡು, ಸಾಣೆ ಹಿಡಿಸಿ, ಉಂಗುರಕ್ಕೆ ಕೂರಿಸಿದ್ದರು. ಈ ಸಂಗತಿ ಅವರಿಗೂ ಅಲ್ಲಾಹನಿಗೂ ಮಾತ್ರ ಗೊತ್ತು.

ಆ ಉಂಗುರವನ್ನು ತಂಗಿಯ ಮಗಳು ತಮನ್ನಾಳ ನಿಶ್ಚಿತಾರ್ಥಕ್ಕೆ ಕೊಡುವುದಾಗಿ ಹಸೀನಾ ಬೇಗಂ ಮಾತು ಕೊಟ್ಟಿದ್ದರು. ತೊಳೆಯುವಾಗ ಕಲ್ಲು ಕಳಚಿ ಅಂಗೈಗೆ ಬಂತು. ಅದನ್ನು ಮಾನವಿಯಲ್ಲಿರುವ ಆ ತಂಗಿ ಖತೀಜಾ ಬೀಗೆ ವಿಡಿಯೋ ಕಾಲಿನಲ್ಲಿ ತೋರಿಸಿದ್ದು ತಪ್ಪಾಯಿತು. "ಆಪಾ, ಅದು ಬಳಿ ಗಾಜ ಇದ್ದಂಗ ಅದಲ್ಲ," ಎಂದಿದ್ದಳು ಖತೀಜಾ. "ಭಾಯಿಜಾನ್ ಬಳಿನೇ ಮಾರ್ತಿದ್ರು, ನೋಡು."

ಹತ್ತು ಗಂಟೆಗೆ ಪಕ್ಕದ ಮನೆಯ ಶಶಿಕಲಾ ಬಂದಳು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಓಣಿಯಲ್ಲಿ ಮಿಕ್ಸರ್ ಕೆಟ್ಟರೂ ಮಗುವಿಗೆ ಜ್ವರ ಬಂದರೂ ಮೊದಲು ಕರೆಸುವುದು ಅವಳನ್ನೇ.

"ಅಂಗಡ್ಯಾಗ ತೋರಸಿದ್ರ ಆಗಂಗಿಲ್ಲೇನ?" ಎಂದು ಹುಸೇನರು ಕ್ಷೀಣವಾಗಿ ಕೇಳಿದರು.

"ಅಂಗಡಿಯವ ಖತೀಜಾನ ಗಂಡನ ದೋಸ್ತ. ನೀವು ಸುಮ್ನ ಕೂಡ್ರಿ," ಎಂದರು ಹಸೀನಾ ಬೇಗಂ. ತಲೆಯಿಂದ ಒಂದು ಕೂದಲು ಕಿತ್ತು ಕಲ್ಲಿಗೆ ಬಿಗಿಯಾಗಿ ಸುತ್ತಿದರು. ಅಸಲಿ ಅಕೀಕಿಗೆ ಸುತ್ತಿದ ಕೂದಲು ಸುಡುವುದಿಲ್ಲ. ಇದು ಅವರ ತವರಿನ ಪರೀಕ್ಷೆ. ಕಡ್ಡಿ ಗೀರಿ ಹಿಡಿದರು. ಸುಡಲಿಲ್ಲ. ಹುಸೇನರಿಗೆ ಆಶ್ಚರ್ಯದಿಂದ ಕೆಮ್ಮು ಬಂತು.

ಶಶಿಕಲಾ ಇನ್ನೊಂದು ಕೂದಲು ಬೇಡಿ ಪಡೆದು ಗಾಜಿನ ಬಳೆಗೆ ಸುತ್ತಿ ಕಡ್ಡಿ ಹಿಡಿದಳು. ಅದೂ ಸುಡಲಿಲ್ಲ.

"ಬಿಸಿಯೆಲ್ಲ ಒಳಗ ಎಳಕೊಂತದ, ಚಾಚಿ. ಹಿಂಗಾದ್ರ ಓಣ್ಯಾಗಿನ ಬಳಿ ಎಲ್ಲಾ ಯೆಮನ್ನಿಂದನ ಬಂದಾವ ಅನ್ಬೇಕು."

ಶಶಿಕಲಾ ಉಪ್ಪಿನಕಾಯಿಯ ಖಾಲಿ ಗಾಜಿನ ಬಾಟಲಿ ತರಿಸಿ, ಕಲ್ಲಿನ ಅಂಚನ್ನು ಅದರ ಮೇಲೆ ಒತ್ತಿ ಎಳೆದಳು. ಗೀರು ಬಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಹೋಗಲಿಲ್ಲ. ಆಮೇಲೆ ಚಾಕುವಿನ ತುದಿಯಿಂದ ಕಲ್ಲನ್ನು ಕೆರೆದಳು. ಕಲ್ಲಿಗೆ ಏನೂ ಆಗಲಿಲ್ಲ. ಕೊನೆಗೆ ಮೊಬೈಲಿನ ಟಾರ್ಚನ್ನು ಹಿಂದಿನಿಂದ ಹಿಡಿದಾಗ ಕೆಂಪಿನೊಳಗೆ ಉಳ್ಳಾಗಡ್ಡಿಯ ಪದರಿನಂಥ ತೆಳ್ಳನೆಯ ಗೆರೆಗಳು ಕಂಡವು.

"ಗಾಜಾಗಿದ್ರ ಬಾಟಲಿಗೆ ಹಿಂಗ ಗೀರು ಬೀಳ್ತಿರ್ಲಿಲ್ಲ, ಒಳಗ ಗುಳ್ಳಿ ಕಾಣ್ತಿದ್ವು. ಇದು ಪದರ ಪದರ ಅದ. ಅಕೀಕನ, ಚಾಚಿ."

ಹೊಳೆದಂಡೆಯ ಹರಳು ತನ್ನ ಮಾನ ಕಾಯುವುದೆಂದು ಹುಸೇನರು ಕನಸಿನಲ್ಲೂ ಎಣಿಸಿರಲಿಲ್ಲ. ಇಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಅವರ ಸುಳ್ಳು ಅವರೊಂದಿಗೇ ಮಣ್ಣಾಗುತ್ತಿತ್ತು.

ಆದರೆ ಹಸೀನಾ ಬೇಗಮರಿಗೆ ಹುರುಪು ಬಂದಿತ್ತು. "ಮಾಮೂ ಸಾಹೇಬ್ರ ಕಣ್ಣಂದ್ರ ಕಣ್ಣು. ಸಾವಿರ ಕಲ್ಲಾಗ ಇದನ್ನ ಆರಿಸ್ಯಾರ. ನಮ್ಮವ್ರು ಅದಾರ ನೋಡ್ರಿ, ಟೀಚರ್, ಸಂತ್ಯಾಗ ಒಂದು ಬದನಿಕಾಯಿ ಆರ್ಸಾಕ ಬರಂಗಿಲ್ಲ."

ಶಶಿಕಲಾ ನಕ್ಕಳು. ಮಾಮೂ ಸಾಹೇಬರ ದೃಷ್ಟಿ, ಅಭಿರುಚಿ, ದೊಡ್ಡ ಮನಸ್ಸುಗಳ ವರ್ಣನೆ ಐದು ನಿಮಿಷ ನಡೆಯಿತು. ಹುಸೇನರು ಎರಡು ಸಲ ಕುರ್ಚಿಯಲ್ಲಿ ಹೊರಳಿದರು. ಮೂರನೆಯ ಸಲ ಬಾಯಿ ತಾನಾಗಿ ತೆರೆಯಿತು.

"ಯಾವ ಮಾಮೂ? ನಾ ಆರಿಸಿದ್ದು."

ಹಸೀನಾ ಬೇಗಂ ಗಂಡನ ಕಡೆ ತಿರುಗಿದರು.

"ದೇವದುರ್ಗ ಸಂತಿ ಮುಗಿಸಿ ಹೊಳಿ ದಂಡಿ ಊರಿಗೆ ಹೋಗಿದ್ದೆ. ಕಾಲು ತೊಳಿಯಾಕ ಇಳದಾಗ ಇಂಥವು ಅಲ್ಲೊಂದು ಇಲ್ಲೊಂದು ಕಂಡ್ವು. ನಮ್ಮ ಜೋಡಿನ ಮದಿವ್ಯಾದ ಖತೀಜಾನ ಗಂಡ ಆಕಿಗೆ ದುಬೈಯಿಂದ ಸರ ತಂದಿದ್ದ. ನಾ ಹೊಳಿಯಿಂದ ಕಲ್ಲ ತಂದೀನಿ ಅಂತ ಹೆಂಗ ಹೇಳ್ಲಿ?"

ಶಶಿಕಲಾಗೆ ತಿದ್ದಬೇಕಾದ ಉತ್ತರಪತ್ರಿಕೆಗಳು ನೆನಪಾದವು. ಎದ್ದು ಹೋದಳು.

ಹಸೀನಾ ಬೇಗಂ ಕಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಎಷ್ಟೊತ್ತು ಹುಡುಕಿದ್ರಿ?"

"ಕಡೀ ಬಸ್ ತಪ್ಪೋ ತನಕ."

"ಬಸ್ ಕೆಟ್ಟಿತ್ತು ಅಂದಿದ್ರಿ ಅವತ್ತು."

"ಅದೂ ಸುಳ್ಳ."

"ಮತ್ತ ಆ ಎರಡು ಡಜನ್ ಬಳಿ ಒಡದದ್ದು?"

"ಗಂಟು ದಂಡಿ ಮ್ಯಾಲ ಇಟ್ಟಿದ್ದೆ. ಎಮ್ಮಿ ತುಳೀತು. ನಾ ನೀರಾಗ ಬಗ್ಗಿದ್ದೆ, ನೋಡ್ಲಿಲ್ಲ."

"ಇಪ್ಪತ್ತೆಂಟು ವರ್ಷ ಆ ಕರ್ನೂಲ್ ಮಾಮೂನ ಹೆಸರ್ಲೆ ದುವಾ ಮಾಡೀನಿ," ಎಂದರು ಹಸೀನಾ ಬೇಗಂ. "ಕುಂತು ಏನ್ ನೋಡ್ತೀರಿ? ಹೋಗ್ರಿ, ಉಂಗುರಕ್ಕ ಕಲ್ಲ ಕೂಡಿಸಿಕೊಂಡು ಬರ್ರಿ. ಈ ಸಲ ಗಟ್ಟಿ ಕೂಡಿಸ್ಲಿ."

"ತಮನ್ನಾಗ..."

"ಆಕಿಗೆ ಆಕಿ ಗಂಡ ತಂದು ಕೊಡ್ತಾನ."

ಹುಸೇನರು ಚಪ್ಪಲಿ ಹುಡುಕುತ್ತಿರುವಾಗ ಹೆಂಡತಿ ಫೋನಿನಲ್ಲಿ ಮಾನವಿಗೆ ಹೇಳುವುದು ಕೇಳಿಸಿತು: "ಹೌದವಾ, ಅಸಲಿನ. ಪರೀಕ್ಷಾ ಆತು. ಆದ್ರ ಉಂಗುರ ಕೊಡಂಗಿಲ್ಲ. ಬ್ಯಾರೆ ಏನಾರ ತರ್ತೀನಿ."

ತಮನ್ನಾಳ ನಿಶ್ಚಿತಾರ್ಥಕ್ಕೆ ಒಂದು ಡಿನ್ನರ್ ಸೆಟ್ ಹೋಯಿತು. ಕಲ್ಲು ಬಳೆಗಾಜೇ ಆಗಿತ್ತೆಂದು ಮಾನವಿಯಲ್ಲಿ ಎಲ್ಲರೂ ನಂಬಿದ್ದಾರೆ.