ಕಣ್ಣಿ ಕೊಡದ ನೀಲಾಂಬಿಕಾ

ಮಾರಾಟಕ್ಕಿದ್ದ ಮೋಟರ್‌ಸೈಕಲ್ಲಿನ ಒಡತಿಯನ್ನೇ ಎದುರಿಗೆ ನಿಲ್ಲಿಸಿಕೊಂಡು, "ಅಕ್ಕಾರ, ಗಾಡಿ ಹೊಡಿಯೋ ಅಣ್ಣಾರು ಎಲ್ಲೆದಾರ್ರಿ?" ಎಂದು ಕೇಳಿದ ಮಹಾನುಭಾವ ನಾನು. ಹಿರೇಕೆರೂರಿನ ತಮ್ಮ ದಲಾಲಿ ಅಂಗಡಿಯಲ್ಲಿ, ಗೋವಿನಜೋಳದ ಚೀಲಗಳ ನಡುವೆ ನಿಂತಿದ್ದ ನೀಲಾಂಬಿಕಾ ಎಡಕ್ಕೂ ಬಲಕ್ಕೂ ಕತ್ತು ಹೊರಳಿಸಿ, "ನಾನೂ ಇಪ್ಪತ್ತ ವರ್ಷದಿಂದ ಹುಡುಕಾಕತ್ತೇನಿ ತಮ್ಮಾ. ಸಿಕ್ರ ನನಗೂ ಒಂದ ಮಾತ ಹೇಳು" ಅಂದರು. ಹಮಾಲರು ನಕ್ಕರು. ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ.

ಐವತ್ತರ ಅಂಚಿನ ಹೆಂಗಸು. ತಂದೆಯಿಂದ ಅಂಗಡಿಯ ಜೊತೆಗೆ ಬಂದ ಕಂದು ಉಣ್ಣೆಯ ಕೋಟನ್ನು ಚೂಡಿದಾರದ ಮೇಲೆ ಬೇಸಿಗೆಯಲ್ಲೂ ಕಳಚದೆ, ಅದರ ಜೇಬಿನಲ್ಲಿ ಸದಾ ಒಂದು ಹಿಡಿ ಕಾಳು ತುಂಬಿಕೊಂಡು, ಎತ್ತರದ ಸೀಟಿನಿಂದ ಈಗಷ್ಟೇ ಇಳಿದವರಂತೆ ಕಾಲುಗಳನ್ನು ತುಸು ಅಗಲಿಸಿ ನಡೆಯುವರು. ಮಾತಿನ ನಡುವೆ ಕಾಳೊಂದನ್ನು ಕಟಕ್ಕನೆ ಕಡಿದು, ಒಣಗಿದೆಯೋ ಇಲ್ಲವೋ ನಿರ್ಣಯಿಸಿ ಉಗುಳುವರು; ಅದೇ ಕಣ್ಣಿನಿಂದ ಎದುರಿನ ಮನುಷ್ಯನನ್ನೂ ಅಳೆಯುವರು. "ಇನ್ನೂ ಹಸಿ ಐತಿ" ಎಂದು ಅವರು ಅಂದು ನುಡಿದದ್ದು ಕಾಳಿಗೋ ನನಗೋ, ಕೇಳುವ ಧೈರ್ಯವಾಗಲಿಲ್ಲ.

ಶಿಗ್ಗಾಂವಿಯ ಬೀಜದ ಕಂಪನಿಯೊಂದರಲ್ಲಿ ಸಂಬಳಕ್ಕಿರುವ ನಾನು, ಹಿಮಪರ್ವತಗಳ ವಿಡಿಯೊ ನೋಡಿ ನೋಡಿಯೇ ಸಾಹಸಿಯಾದವನು. ನನ್ನ ಅತಿ ದೀರ್ಘ ಯಾತ್ರೆಯೆಂದರೆ ಪಕ್ಕದ ಸವಣೂರಿಗೆ ಹೋಗಿ ಖಾರದ ಪೊಟ್ಟಣ ತಂದದ್ದು. ಎರಡೂ ಪಕ್ಕ ತಗಡಿನ ಪೆಟ್ಟಿಗೆ ಹೊತ್ತ, ಕೆಸರು ಬಣ್ಣದ ಆ ದೂರಪ್ರಯಾಣದ ಗಾಡಿ ನನಗೆ ಬೇಕೇ ಬೇಕಿತ್ತು. ಹೊಸದು ಈ ಜನ್ಮದ ಸಂಬಳಕ್ಕೆ ದಕ್ಕುವಂಥದ್ದಲ್ಲ. ಹತ್ತಿ ಕುಳಿತೆ. ಎರಡರಲ್ಲಿ ಒಂದು ಕಾಲಿಗೆ ಮಾತ್ರ ಭೂಸ್ಪರ್ಶ ಲಭಿಸಿತು.

"ಅಕ್ಕಾರ, ಕಾಲು ನಿಲುಕವಲ್ದು."

"ನಿಲ್ಲಾಂವಗ ಕಾಲ ಬೇಕು. ಹೋಗಾಂವಗ ಯಾಕೋ?"

ಅವರ ಆತ್ಮವಿಶ್ವಾಸ ಅಂಥದ್ದು. ಒಮ್ಮೆ ಹಂಸಭಾವಿಯ ದಾರಿಯ ಹಳ್ಳ ತುಂಬಿ, ಬಸ್ಸಿನ ಪ್ರಯಾಣಿಕರೆಲ್ಲ ದಂಡೆಯಲ್ಲಿ ನಿಂತು ಚರ್ಚಿಸುತ್ತಿದ್ದಾಗ, ಈಕೆ ಕೋಟಿನ ಗುಂಡಿ ಹಾಕಿ ಗಾಡಿ ಸಮೇತ ನೀರಿಗಿಳಿದು, ಆಚೆ ದಂಡೆಯ ರಾಡಿಯಲ್ಲಿ ಹೂತು ನಿಂತರಂತೆ. ಎಳೆಯಲು ಬಂದವರಿಗೆ ಗಾಡಿ ಎಲ್ಲಿ ಹಿಡಿಯಬೇಕೆಂದು ಬೈದು ಬೈದು ಕಲಿಸಿದರಂತೆ.

ಬೆಲೆ ಕುದುರಿತು. ಕೀಲಿಗೆ ಕೈ ಚಾಚಿದೆ. ಅವರು ಅದನ್ನು ಜೇಬಿಗಿಳಿಸಿದರು.

"ಕೀಲಿ ಕೊಡಂಗಿಲ್ಲ. ನಮ್ಮನ್ಯಾಗ ಎತ್ತ ಮಾರಿದ್ರೂ ಕಣ್ಣಿ ಕೊಟ್ಟಿಲ್ಲ. ಕೊರಳಾಗಿನ ಹಗ್ಗ ಕೊಟ್ರ ಉಳದ ದನಾನೂ ಬೆನ್ನ ಹತ್ತಿ ಹೋಗ್ತಾವ."

"ಇದು ಎತ್ತಲ್ರಿ ಅಕ್ಕಾರ! ಕೀಲಿ ಇಲ್ದ ಚಾಲೂ ಹೆಂಗ ಮಾಡ್ಲಿ?"

"ಹಗ್ಗ ಇಲ್ದ ಎತ್ತೂ ಬರಂಗಿಲ್ಲ. ಕೊಂಡಾಂವ ಹೊಸಾದು ತರ್ತಾನ."

ಹಾನಗಲ್ಲಿನ ಗಿರಾಕಿಯೊಬ್ಬ ಹೋದ ವಾರ ಇದೇ ಮಾತಿಗೆ ಸಿಟ್ಟಾಗಿ ಎದ್ದುಹೋದನೆಂದು ಹಮಾಲ ಮಾಳಪ್ಪ ಕಿವಿಯಲ್ಲಿ ಉಸುರಿದ. ನಾನೂ ಎದ್ದುಹೋಗಬಹುದಿತ್ತು, ಮರಳಿ ವಿಡಿಯೊಗಳಿಗೆ. ಹೋಗಲಿಲ್ಲ. ಬಜಾರಿನಲ್ಲಿ ಕೀಲಿ ಮಾಡುವ ರೋಶನಬಿಯ ಅಂಗಡಿಗೆ ನಡೆದೆ. ನೀಲಾಂಬಿಕಾ ತಮ್ಮ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಜೊತೆಗೇ ಬಂದರು, ನಕಲು ಆಗುವವರೆಗೂ ಕದಲದೆ ನಿಂತರು. "ಏನವ್ವಾ, ಇದನ್ನೂ ಮಾರಿದೇನು?" ಎಂದು ರೋಶನಬಿ ಅರ ಹಚ್ಚುತ್ತ ನಕ್ಕರು.

ಹೊಸ ಕೀಲಿ ತಿರುಗಿತು, ಗಾಡಿ ಗುಡುಗಿತು. ಕೊಟ್ಟ ವಸ್ತುವಿನ ಒಂದು ಎಳೆಯನ್ನು ತಮ್ಮಲ್ಲೇ ಉಳಿಸಿಕೊಳ್ಳುವ ಇಂಥವರಿಗೆ ವ್ಯವಹಾರ ಮುಗಿದರೂ ನಂಟು ಮುಗಿಯುವುದಿಲ್ಲ. ಅವರಿಂದ ಕೊಂಡವನು ಅರ್ಧ ಒಡೆಯನಾಗುತ್ತಾನೆ, ಉಳಿದರ್ಧ ಬೀಗನಾಗುತ್ತಾನೆ. ಆ ಬೀಗತನದ ಸಲಿಗೆಯಲ್ಲೇ, ಹೊರಡುವ ಮುನ್ನ ದನಿ ತಗ್ಗಿಸಿ ಕೇಳಿಬಿಟ್ಟೆ:

"ತಪ್ಪ ತಿಳೀಬ್ಯಾಡ್ರಿ ಅಕ್ಕಾರ. ವಯಸ್ಸಾತಂತ ಮಾರಿದ್ರೇನ್ರಿ?"

"ಹೌದು, ವಯಸ್ಸಾಗೈತಿ. ಗಾಡೀಗೆ. ನಾ ಇದಕ್ಕಿಂತ ದೊಡ್ಡದು ತಗೊಂಡೇನಿ."