ಸಲ್ಯೂಷನ್ ಒಣಗೋವರೆಗೆ ಸುಮ್ಮನಿರಿ

ಸೈಕಲ್ಲಿನ ಹಿಂದಿನ ಚಕ್ರ ಮತ್ತೆ ಚಪ್ಪಟೆ. ಒಂದೇ ವಾರದಲ್ಲಿ ಇದು ಐದನೇ ಸಲ. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಹೋಗುವ ಆಕೆಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಬೆಳಗ್ಗೆ ಏಳಕ್ಕೆ ಕೆಲಸದವರ ಗೇಟು ಮುಚ್ಚುತ್ತದೆ. ನಡೆದರೆ ಒಂದು ಗಂಟೆಯ ದಾರಿ. ಈಗಾಗಲೇ ಎರಡು ಸಲ ತಡವಾಗಿದೆ; ಇನ್ನೊಮ್ಮೆ ಆದರೆ ಕೆಲಸಕ್ಕೆ ಬರಲೇಬೇಡ ಎಂದು ಮೇಲ್ವಿಚಾರಕ ಮುಖಕ್ಕೆ ಹೊಡೆದಂತೆ ಹೇಳಿದ್ದ.

"ರೀ, ನಿನ್ನೆ ತಾನೇ ತೇಪೆ ಹಾಕಿದ್ರಲ್ರೀ!"

"ಹಾಕಿದ್ದೆ ಕಣೇ. ಟ್ಯೂಬೇ ಸರಿಯಿಲ್ಲ. ಹೊಸದು ತರ್ಬೇಕು."

"ಹೌದ್ಹೌದು, ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ!"

ಫ್ಯಾನು, ನಲ್ಲಿ, ಬಾಗಿಲ ಚಿಲಕ ಎಲ್ಲಕ್ಕೂ ಕೈಹಾಕಿ ಕೆಡಿಸಿದ ಕೀರ್ತಿ ಆಕೆಯ ಗಂಡನದು. ಬೀದಿಯವರು ಅವನನ್ನು ಇಂಜಿನಿಯರ್ ಎಂದೇ ಕರೆಯುತ್ತಿದ್ದರು.

ಗಲಾಟೆ ಕೇಳಿ ಎದುರಿನ ಪಂಕ್ಚರ್ ಅಂಗಡಿಯ ಅಕ್ಕ ಬಂದಳು. ಟ್ಯೂಬ್ ಹೊರಗೆಳೆದು ನೋಡಿ ಹಣೆ ಚಚ್ಚಿಕೊಂಡಳು.

"ನಾಲ್ಕು ತೇಪೆ, ನಾಲ್ಕೂ ಅಂಗೈಯಗಲದಲ್ಲಿ! ಟಯರ್ ಒಳಗೆ ನೋಡಿದ್ರಾ?"

"ತೂತು ಬಿದ್ದಿರೋದು ಟ್ಯೂಬಿಗೆ. ಟಯರ್ ಯಾಕೆ ನೋಡ್ಲಿ?"

"ಬಟ್ಟೆ ಹಿಡ್ಕೊಂಡು ನಿಧಾನವಾಗಿ ಒಳಗೆ ಸವರಿ."

ಇಂಜಿನಿಯರ್ ಬರಿಗೈ ಹಾಕಿದ. "ಅಯ್ಯಯ್ಯೋ!"

"ಸಿಕ್ತಾ?" ಅಂದಳು ಅಕ್ಕ.

ಸಿಕ್ಕಿತ್ತು. ಅಕ್ಕಿಕಾಳಿನಷ್ಟು ತಂತಿಯ ಚೂರು ಇಡೀ ವಾರ ಅಲ್ಲೇ ಕೂತು ಚುಚ್ಚುತ್ತಿತ್ತು. ಅಕ್ಕ ಇಕ್ಕಳದಿಂದ ಅದನ್ನು ಕಿತ್ತಳು. ಬಿಟ್ಟುಕೊಂಡಿದ್ದ ನಿನ್ನೆಯ ತೇಪೆಯನ್ನೂ ಸುಲಿದಳು. ಟ್ಯೂಬನ್ನು ತೂತಿನ ಸುತ್ತ ಸ್ಯಾಂಡ್ ಪೇಪರಿನಿಂದ ಉಜ್ಜಿ, ತೆಳ್ಳಗೆ ಸಲ್ಯೂಷನ್ ಅಂಟು ಸವರಿ ಸುಮ್ಮನೆ ಕೂತಳು. ಇಂಜಿನಿಯರ್ ತೇಪೆ ಎತ್ತಿಕೊಂಡ. ಅಕ್ಕ ಅವನ ಕೈಗೆ ಒಂದು ಏಟು ಕೊಟ್ಟಳು.

"ಹಸಿ ಇದ್ದಾಗ್ಲೇ ಅಂಟಿಸ್ಬೇಕಲ್ವಾ? ಒಣಗಿದ್ಮೇಲೆ ಹೇಗೆ ಅಂಟುತ್ತೆ?" ಎಂದ ಅವನು.

"ಇದು ಲಕೋಟೆಗೆ ಹಚ್ಚೋ ಗೋಂದಲ್ಲ ಇಂಜಿನಿಯರ್ರೇ. ಅಂಚು ಮುಟ್ಟಿದ್ರೆ ಬೆರಳಿಗೆ ಹತ್ತಬಾರ್ದು, ಆಮೇಲೆ ತೇಪೆ. ಐದು ನಿಮಿಷ ಬೇಕು."

"ಐದು ನಿಮಿಷಾನಾ!" ಆಕೆ ಕಿರುಚಿಕೊಂಡಳು. "ಬೇಗ ಹಾಕಕ್ಕಾ, ಬೇಗ!"

"ಕೇಳಿಸ್ಕೊಂಡ್ರಾ?" ಎಂದ ಗಂಡ. "ದಿನಾ ನನ್ನ ತಲೆಮೇಲೆ ನಿಂತು ಇದೇ ಮಂತ್ರ. ಒಣಗೋಕೆ ಬಿಟ್ಟೋರು ಯಾರು?"

ವಾರವೆಲ್ಲ ಅವನನ್ನು ಬೈದದ್ದು ನೆನಪಾಗಿ ಆಕೆಗೆ ನಾಚಿಕೆಯಾಯಿತು. ಮೆಟ್ಟಿಲ ಮೇಲೆ ಕೂತು ತುಟಿ ಕಚ್ಚಿ ಗಡಿಯಾರ ನೋಡಿದಳು. ಅಷ್ಟು ಉದ್ದದ ಐದು ನಿಮಿಷವನ್ನು ಆಕೆ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಅಕ್ಕ ತೇಪೆ ಇಟ್ಟು ಹೆಬ್ಬೆರಳಿನಿಂದ ಬಲವಾಗಿ ಒತ್ತಿದಳು. ಗಾಳಿ ತುಂಬಿ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿದರೆ ಒಂದು ಗುಳ್ಳೆಯೂ ಏಳಲಿಲ್ಲ. ಅಕ್ಕ ಟ್ಯೂಬನ್ನು ಟಯರಿಗೆ ಸೇರಿಸಿ ಗಾಳಿ ಹೊಡೆದದ್ದೇ ತಡ, ಆಕೆ ಎದ್ದುಬಿದ್ದು ಸೈಕಲ್ ತುಳಿದಳು. ಆಸ್ಪತ್ರೆಯಲ್ಲಿ ಕಾವಲುಗಾರ ಮುಚ್ಚಲು ಗೇಟಿಗೆ ಕೈಯಿಟ್ಟಿದ್ದ; ಆಕೆ ಒಳಗೆ ನುಗ್ಗಿದಳು.

ಸಂಜೆ ಮನೆಗೆ ಬಂದಾಗಲೂ ಚಕ್ರ ಗಟ್ಟಿಯಾಗಿತ್ತು. ಗಂಡ ಅದನ್ನು ಒತ್ತಿ ಒತ್ತಿ ನೋಡಿದ.

"ಇನ್ಮೇಲೆ ನಾನು ಮೊದಲು ಟಯರ್ ಸವರ್ತೀನಿ ಕಣೇ. ಬಟ್ಟೆ ಹಿಡ್ಕೊಂಡೇ."

"ನಾನು ಸುಮ್ಮನಿರ್ತೀನಿ," ಎಂದಳು ಆಕೆ. "ಐದೇ ನಿಮಿಷ, ಮತ್ತೆ!"

ನಿಮ್ಮ ಮನೆಯಲ್ಲೂ ಸೈಕಲ್ ಇದೆ ತಾನೇ? ಹೊಸ ಟ್ಯೂಬಿಗೆ ಓಡುವ ಮೊದಲು ಟಯರಿನ ಒಳಗೆ ಸವರಿ, ಚುಚ್ಚಿದ್ದನ್ನು ಕಿತ್ತು ತೆಗೆಯಿರಿ. ಟ್ಯೂಬನ್ನು ಉಜ್ಜಿ ಸಲ್ಯೂಷನ್ ಹಚ್ಚಿ, ಒಣಗಲು ಬಿಡಿ, ಆಮೇಲೆ ತೇಪೆ ಒತ್ತಿ. ಪಕ್ಕದಲ್ಲಿ ನಿಂತು ಬೇಗ ಬೇಗ ಅನ್ನುವವರಿದ್ದರೆ, ಅವರ ಕೈಗೆ ಪಂಪ್ ಕೊಟ್ಟು ಕೂರಿಸಿ.