ಶುಕ್ರವಾರದ ಗುಳಿಗೆ

ರೊಟ್ಟಿ ತಟ್ಟುತ್ತಿದ್ದ ಚನ್ನಬಸಮ್ಮನ ಬಲಗೈ ಇದ್ದಕ್ಕಿದ್ದಂತೆ ನಿಂತುಬಿಟ್ಟಿತು. ಬಾಯಿ ಸೊಟ್ಟಗಾಯಿತು. ಕುರುಗೋಡಿನಿಂದ ಬಳ್ಳಾರಿಯ ಆಸ್ಪತ್ರೆಗೆ ಒಯ್ದರು. ಬಿ.ಪಿ. ಏರಿ ಲಕ್ವ ಹೊಡೆದಿದೆ ಎಂದರು ಅಲ್ಲಿ. ಜೀವ ಉಳಿಯಿತು, ಕೈ ಬರಲಿಲ್ಲ.

ಊರಿನ ಡಾಕ್ಟರು ತಿಪ್ಪೇಸ್ವಾಮಿ ಸುದ್ದಿ ಕೇಳಿ ಬಿ.ಪಿ. ಬರೆದ ಪುಸ್ತಕ ತೆರೆದರು. "ಮೊನ್ನೆ ಶುಕ್ರವಾರ ನಾನೇ ಬಿ.ಪಿ. ನೋಡೀನಿ. ಎಲ್ಲಾ ಸರಿ ಇತ್ತಲ್ಲ!"

ಅವರ ದವಾಖಾನೆಯಲ್ಲಿ ಹೆಸರು ಬರೆದುಕೊಳ್ಳುವ ಜ್ಯೋತಿಲಕ್ಷ್ಮಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ಮಾತು ಕಡಿಮೆ, ಕಣ್ಣು ಚುರುಕು. ಬಿ.ಪಿ. ನೋಡುವ ಶುಕ್ರವಾರ ಬಾಗಿಲ ಬಳಿಯ ನೀರಿನ ಕೊಡ ಹತ್ತು ಗಂಟೆಗೇ ಬರಿದಾಗುತ್ತಿತ್ತು. ಹೆಂಗಸರು ಬೆಂಚಿನ ಮೇಲೆ ಕೂತು, ಸೆರಗಿನ ಗಂಟು ಬಿಚ್ಚಿ, ಬಿ.ಪಿ. ಗುಳಿಗೆ ನುಂಗುವುದನ್ನು ಎಷ್ಟೋ ಸಲ ಕಂಡಿದ್ದಳು. ಆ ಬೆಂಚಿನಲ್ಲಿ ಅವಳ ಅವ್ವ ಪಾರಮ್ಮನೂ ಇರುತ್ತಿದ್ದಳು. ಈಗಲೂ ಸುಮ್ಮನಿದ್ದರೆ ನಾಳೆ ಅವ್ವನ ಕೈಯೂ ಹೀಗೇ ನಿಲ್ಲಬಹುದು.

"ಸರ್... ಈ ಹೆಂಗಸ್ರು ದಿನಾ ಗುಳಿಗಿ ತಗಳ್ಳಲ್ರಿ. ಇಲ್ಲಿಗೆ ಬರಾಕ ಎರಡು ದಿನ ಇದ್ದಾಗ ಶುರು ಮಾಡ್ತಾರ್ರಿ. ನೀವು ಬೈತೀರಂತ."

ಡಾಕ್ಟರು ಪುಸ್ತಕ ಮುಚ್ಚಿದರು. ಹನ್ನೆರಡು ವರ್ಷ ಬರೆದುಕೊಂಡ ಅಂಕಿಗಳನ್ನು ನಂಬಿ ಕೂತಿದ್ದರು. ಹಿಂದೊಮ್ಮೆ ಬಳ್ಳಾರಿಯ ಮೆಡಿಕಲ್ ಕಾಲೇಜಿನ ಮೇಡಂ ಒಬ್ಬರು ಸಂಶೋಧನೆಗೆ ಕರೆದಾಗ, "ನಮ್ಮಲ್ಲೇನೈತ್ರಿ ಮೇಡಂ, ನೆಗಡಿ, ಜ್ವರ" ಎಂದು ನಕ್ಕಿದ್ದರು. ಈಗ ತಾವೇ ಅವರಿಗೆ ಫೋನು ಹಚ್ಚಿ, ಜನ ದಿನಾ ಗುಳಿಗೆ ಯಾಕೆ ನುಂಗುವುದಿಲ್ಲ ಎಂದು ಹುಡುಕೋಣ ಎಂದರು. ಸಿರುಗುಪ್ಪದ ಡಾಕ್ಟರೊಬ್ಬರೂ ಜೊತೆಯಾದರು. ಏನು ಕೇಳಬೇಕು, ಹೇಗೆ ಬರೆಯಬೇಕು ಎಂದು ಕಾಲೇಜಿನವರು ಕಲಿಸಿದರು. ಜನರಿಗೆ ಅನ್ಯಾಯವಾಗದಂತೆ ನೋಡುವ ಅಲ್ಲಿನ ಸಮಿತಿ ಒಪ್ಪಿಗೆ ಕೊಟ್ಟಿತು.

ಮನೆಮನೆಗೆ ಹೋಗಿ ಕೇಳುವ ಕೆಲಸ ಜ್ಯೋತಿಲಕ್ಷ್ಮಿಗೆ ಬಂತು. ಮೊದಲು ಸಿಡುಕಿದವಳು ಅವ್ವನೇ.

"ನಮ್ ಮ್ಯಾಲ ಪ್ರಯೋಗ ಮಾಡಾಕ ಹೊಂಟೀರೇನು? ಸೂಜಿಗೀಜಿ ಚುಚ್ಚಿದ್ರ ನೋಡು ಮತ್ತ!"

"ಸೂಜಿನೂ ಇಲ್ಲ, ಹೊಸಾ ಔಷಧಾನೂ ಇಲ್ಲ ಯವ್ವಾ. ಬರೇ ಕೇಳೋದು, ಬರಕಳ್ಳೋದು. ಹೆಸರಿನ ಬದ್ಲಿ ನಂಬರ್ ಇರ್ತೈತಿ. ಒಪ್ಪಿದ್ರಷ್ಟೇ ಹೆಬ್ಬೆಟ್ಟು ಒತ್ತು. ನಡುವ ಬ್ಯಾಡನಿಸಿದ್ರ ಬಿಟ್ಟುಬಿಡು."

"ಡಾಕ್ಟ್ರು ಬೈಯಲ್ಲೇನು?"

"ಬೈದ್ರ ನಿಜ ಯಾರು ಹೇಳ್ತಾರ?"

ಪಾರಮ್ಮ ಹೆಬ್ಬೆಟ್ಟು ಒತ್ತಿದಳು. ಒಲೆಗೆ ಕಟ್ಟಿಗೆ ಒಡ್ಡುತ್ತ ದನಿ ತಗ್ಗಿಸಿದಳು. "ಆ ಗುಳಿಗಿ ನುಂಗಿದ್ರ ಗಳಿಗಿಗೊಮ್ಮಿ ಒಂದಕ್ಕ ಬರ್ತೈತಿ. ಮೆಣಸಿನಕಾಯಿ ಹೊಲದಾಗ, ಗಂಡಸ್ರ ನಡುವ, ಎಲ್ಲಿ ಕುಂದ್ರಬೇಕು?"

ಜ್ಯೋತಿಲಕ್ಷ್ಮಿ ಅದನ್ನು ಹಾಗೇ ಬರೆದುಕೊಂಡಳು. ಒಂದೇ ಮನೆಯಲ್ಲಿದ್ದೂ ಇದು ಅವಳಿಗೆ ಗೊತ್ತಿರಲಿಲ್ಲ. ಪಕ್ಕದ ಮನೆಯಲ್ಲೂ ಅದೇ ಮಾತು. ಸಿರುಗುಪ್ಪದ ಭತ್ತದ ಗದ್ದೆಯ ಹೆಂಗಸರದೂ ಅದೇ. ಚನ್ನಬಸಮ್ಮ ಎಡಗೈಯ ಹೆಬ್ಬೆಟ್ಟು ಒತ್ತಿ, ತೊದಲುತ್ತಲೇ ಅದನ್ನೇ ಹೇಳಿದಳು.

ಹಾಳೆಗಳನ್ನು ಓದಿದ ಡಾಕ್ಟರು ಕನ್ನಡಕ ತೆಗೆದಿಟ್ಟರು.

"ಹಿಂಗ ಒಂದಕ್ಕ ಬರಿಸದ ಬೇರೆ ಗುಳಿಗಿ ಐತಿ ಜ್ಯೋತಿ. ಮೊದಲಿಂದಲೂ ಐತಿ. ನಾನು ಒಂದ್ ಸಲಾನೂ ಕೇಳಲಿಲ್ಲ ನೋಡು."

ಈಗ ಪಾರಮ್ಮ ದಿನವೂ ಮನೆಯಲ್ಲೇ ಆ ಬೇರೆ ಗುಳಿಗೆ ನುಂಗುತ್ತಾಳೆ. ಶುಕ್ರವಾರ ದವಾಖಾನೆಯ ಕೊಡದಲ್ಲಿ ಸಂಜೆಯವರೆಗೂ ನೀರಿರುತ್ತದೆ.

ಊರೂರಿನ ಡಾಕ್ಟರೇ, ನಿಮ್ಮ ಬೆಂಚಿನ ಮೇಲೆ ಕೂತವರನ್ನು ದೂರದವರು ಬಲ್ಲರೇ? ನಿಮ್ಮನ್ನು ಕಾಡುವ ಒಂದು ಪ್ರಶ್ನೆ ಹಿಡಿದು ಸಂಶೋಧನೆಗೆ ಜೊತೆಯಾಗುವಂತೆ ಹತ್ತಿರದ ಮೆಡಿಕಲ್ ಕಾಲೇಜನ್ನು ಇಂದೇ ಕೇಳಿ. ಅಕ್ಕಂದಿರೇ, ಅಣ್ಣಂದಿರೇ, ಇಂಥ ಸಂಶೋಧನೆಗೆ ನಿಮ್ಮನ್ನು ಕೇಳಲು ಬಂದರೆ ಎಲ್ಲ ತಿಳಿದುಕೊಂಡು, ಮನಸ್ಸಿದ್ದರೆ ಒಪ್ಪಿಕೊಳ್ಳಿ. ಗುಳಿಗೆಯಿಂದ ತೊಂದರೆಯಾದರೆ ನೀವಾಗಿಯೇ ಬಿಡಬೇಡಿ, ಡಾಕ್ಟರಿಗೆ ಹೇಳಿ. ನಾಚಿಕೆಯ ಮಾತಾದರೂ ಹೇಳಿಬಿಡಿ.